ಹಿತ್ತಲಿನ ಗ್ಯಾರೇಜು

ನಮ್ಮ ಹಿತ್ತಲಿನಲ್ಲಿ ಸಿಮೆಂಟು ಬಳಿದ ಅಗಲವಾದ ಅಂಗಳವಿದೆ. ನಮ್ಮತ್ತೆಯವರ ಕಾಲದಿಂದಲೂ ಅದು ಹಪ್ಪಳ ಒಣಹಾಕುವ ಜಾಗ. ಕಳೆದ ಏಪ್ರಿಲ್ ರಜೆಯಲ್ಲಿ ಒಂದು ಬೆಳಿಗ್ಗೆ ಹಳೆಯ ಸೀರೆ ಹಿಡಿದುಕೊಂಡು ಹೊರಗೆ ಬಂದರೆ, ನನ್ನ ಮಗ ಅಲ್ಲಿ ಗೋಣಿಚೀಲ ಹಾಸಿ ಸ್ಪ್ಯಾನರು, ಸುತ್ತಿಗೆ, ಜಾಕಿಗಳನ್ನು ಜೋಡಿಸುತ್ತಿದ್ದ. ಪಕ್ಕದಲ್ಲಿ ನಮ್ಮ 407 ಲಾರಿ.

"ಬ್ರೇಕ್ ಕೆಲಸ ನಾನೇ ಮಾಡ್ತೀನಮ್ಮ. ಗ್ಯಾರೇಜಲ್ಲಿ ಮಜೂರಿಗೇ 2,500 ಕೇಳ್ತಾರೆ. ಎರಡು ದಿನದ ಬಾಡಿಗೆನೂ ಹೋಗುತ್ತೆ."

ನಮ್ಮನೆಯವರು ಪತ್ರಿಕೆಯಿಂದ ತಲೆಯೆತ್ತದೆ, "ಮಾಡ್ಲಿ ಬಿಡು, ಕೈಕೆಲಸ ಕಲೀಲಿ" ಎಂದರು. ಅವರಿಗೇನು! ಆ ಲಾರಿಯ ಸಾಲ ಇರುವುದು ನನ್ನ ಹೆಸರಿನಲ್ಲಿ. ಬಿಕಾಂ ಮುಗಿಸಿ ಮೂರು ವರ್ಷ ಕೆಲಸಕ್ಕೆ ಅಲೆದ ಮಗನಿಗೆ ಒಂದು ದಾರಿಯಾಗಲೆಂದು ನನ್ನ ಸಂಬಳ ತೋರಿಸಿ ತೆಗೆದ ಹಳೆಯ ಗಾಡಿ. ಆರ್‌ಸಿ ಪುಸ್ತಕದಲ್ಲಿರುವುದೂ ನನ್ನ ಹೆಸರೇ. ಹಾಗಾಗಿ ಹೂಂ ಅನ್ನಬೇಕಾದವಳೂ ಊಹೂಂ ಅನ್ನಬೇಕಾದವಳೂ ನಾನೇ.

ಇಂಜಿನ್ ಆಯಿಲ್ ಬದಲಾಯಿಸುವುದು, ಗ್ರೀಸ್ ಹಾಕುವುದು, ದೀಪದ ವೈರು ಸರಿಮಾಡುವುದು ಎಲ್ಲವನ್ನೂ ಅವನು ಮನೆಯಲ್ಲೇ ಮಾಡುತ್ತಾನೆ. ನಾನು ಒಮ್ಮೆಯೂ ಬೇಡವೆಂದಿಲ್ಲ. ಆದರೆ ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಬ್ರೇಕ್ ಕೆಟ್ಟರೆ ನಿಲ್ಲುವುದಿಲ್ಲವಲ್ಲ! ಅವನು ವಾರಕ್ಕೆ ಎರಡು ಸಲ ಹಾಸನದಿಂದ ಮಂಗಳೂರಿಗೆ ತರಕಾರಿ ಒಯ್ಯುತ್ತಾನೆ. ಸಕಲೇಶಪುರ ದಾಟಿದರೆ ಶಿರಾಡಿ ಘಾಟಿ. ಮಾರನಹಳ್ಳಿಯಿಂದ ಗುಂಡ್ಯದವರೆಗೆ ಇಳಿಜಾರೇ ಇಳಿಜಾರು. ಅವನು ಗುಂಡ್ಯ ತಲುಪಿ ಫೋನ್ ಮಾಡುವವರೆಗೆ ನಾನು ತರಗತಿಯಲ್ಲಿ ಕದಂಬರ ಪಾಠ ಮಾಡುತ್ತಿದ್ದರೂ ಮನಸ್ಸು ಘಾಟಿಯಲ್ಲೇ ಇರುತ್ತದೆ.

ನಾನು ಬಿಎ ಬಿಎಡ್, ಸಮಾಜ ವಿಜ್ಞಾನದ ಟೀಚರು. ಆದರೂ ವಿಜ್ಞಾನದ ಮೇಷ್ಟ್ರು ದೀರ್ಘ ರಜೆ ಹಾಕಿದ ವರ್ಷ ಪಾಸ್ಕಲನ ನಿಯಮವನ್ನು ನಾನೇ ಓದಿಕೊಂಡು ಪಾಠ ಮಾಡಿದ್ದೆ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ. ಕಾಲಿನಲ್ಲಿ ಒತ್ತಿದ್ದು ಎಣ್ಣೆಯ ಮೂಲಕ ನಾಲ್ಕು ಗಾಲಿಗೆ ಮುಟ್ಟುವುದು ಹೀಗೆ. ಆ ಬ್ರೇಕ್ ಎಣ್ಣೆ ಉಪ್ಪಿನ ಹಾಗೆ, ಗಾಳಿಯ ತೇವ ಹೀರುತ್ತದೆಯಂತೆ. ಡಾಟ್ 3 ಅನ್ನುವ ಎಣ್ಣೆ ಹೊಸದಿದ್ದಾಗ 205 ಡಿಗ್ರಿಯವರೆಗೂ ಕುದಿಯಬಾರದು. ತೇವ ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಘಾಟಿಯಲ್ಲಿ ಒಂದೇ ಸಮ ಬ್ರೇಕ್ ಒತ್ತಿ ಡ್ರಮ್ಮು ಕಾದಾಗ ಎಣ್ಣೆ ಕುದಿದು ಗುಳ್ಳೆಯೆದ್ದರೆ, ಪೆಡಲ್ಲು ಹತ್ತಿಯ ದಿಂಬಿನಂತೆ ಕೆಳಗೆ ಹೋಗುತ್ತದೆ, ಅಷ್ಟೆ.

ಇಷ್ಟು ಗೊತ್ತಿದ್ದೂ ನಾನು ಹೂಂ ಅಂದೆ. ಯಾಕೆ ಅಂತೀರಾ? ಅವನ ಮುಖ ನೋಡಿ. ಆ ಮೂರು ವರ್ಷ ಎಲ್ಲರೂ ಅವನಿಗೆ "ನಿನ್ನ ಕೈಲಾಗಲ್ಲ" ಅಂದವರೇ. ನಾನೂ ಒಬ್ಬಳು ಯಾಕೆ ಸೇರಲಿ ಅನ್ನಿಸಿತು.

ಕೆಲಸವನ್ನೇನೋ ಅಚ್ಚುಕಟ್ಟಾಗಿಯೇ ಮಾಡಿದ. ಎದುರು ಗಾಲಿಗಳಿಗೆ ಕಲ್ಲು ಕೊಟ್ಟ. ಜಾಕಿಯೊಂದನ್ನೇ ನಂಬದೆ ಆಕ್ಸಲ್ ಕೆಳಗೆ ಮರದ ದಿಮ್ಮಿ ಇಟ್ಟ. ಡ್ರಮ್ಮಿನೊಳಗಿನ ಕಪ್ಪು ಪುಡಿಯನ್ನು ಬಾಯಲ್ಲಿ ಊದಲು ಹೊರಟಾಗ ಮಾತ್ರ ನಾನು ಗದರಿದೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಆ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆ ಕೊಟ್ಟು ಒರೆಸಿಸಿದೆ. ಲೈನರು ರಿವೆಟ್ಟು ಕಾಣುವಷ್ಟು ಸವೆದಿತ್ತು. ಹೊಸದನ್ನು ಕೂರಿಸಿದ. ಒಂದು ಗಾಲಿಯ ಸಿಲಿಂಡರು ಸೋರುತ್ತಿತ್ತು, ಅದರ ರಬ್ಬರನ್ನೂ ಬದಲಾಯಿಸಿದ.

ಕೊನೆಗೆ ಎಣ್ಣೆಯಲ್ಲಿ ಸೇರಿಕೊಂಡ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು, ಒಬ್ಬರು ಪೆಡಲ್ ಒತ್ತಲು, ಇನ್ನೊಬ್ಬರು ಗಾಲಿಯ ಹತ್ತಿರ ನಿಪ್ಪಲ್ ಸಡಿಲಿಸಲು. ನಮ್ಮನೆಯವರಿಗೆ ಮಂಡಿನೋವು. ಸರಿ, ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಾನೇ ಡ್ರೈವರ್ ಸೀಟಿಗೆ ಹತ್ತಿದೆ. ಎದುರು ಮನೆಯವರು ಮಾಳಿಗೆಗೆ ಬಂದು ನೋಡಿದರು, ನೋಡಲಿ.

"ಒತ್ತಮ್ಮ... ಒತ್ತು... ಈಗ ಹಿಡಿ, ಬಿಡಬೇಡ!" ಗಾಡಿಯಡಿಯಿಂದ ಅವನ ಕೂಗು. ಎಡಗಡೆಯ ಹಿಂದಿನ ಗಾಲಿಯಿಂದ ಶುರುಮಾಡಿ ನಾಲ್ಕೂ ಮುಗಿಯುವ ಹೊತ್ತಿಗೆ ನನ್ನ ಮೀನಖಂಡ ಹಿಡಿದುಕೊಂಡಿತ್ತು. ಪೆಡಲ್ಲು ಗಟ್ಟಿಯಾಯಿತು. "ಆಯ್ತು, ಇಳಿಯಮ್ಮ" ಅಂದ.

ನಾನು ಇಳಿಯಲಿಲ್ಲ. ಸುಸ್ತಾಗಿ ಕಾಲು ಅಲ್ಲೇ ಊರಿಕೊಂಡು ಕೂತಿದ್ದೆ. ಬರಿಗಾಲು. ಒತ್ತಡ ಹೆಚ್ಚಿಸಿರಲಿಲ್ಲ, ಆದರೂ ಪೆಡಲ್ಲು ಮೆಲ್ಲಗೆ, ತೀರಾ ಮೆಲ್ಲಗೆ ಕೆಳಗೆ ಜಾರುತ್ತಿತ್ತು. ಬಿಟ್ಟು ಮತ್ತೆ ಒತ್ತಿದೆ. ಗಟ್ಟಿ. ಹಾಗೇ ಹಿಡಿದು ಇಪ್ಪತ್ತು ಎಣಿಸಿದೆ. ಮತ್ತೆ ಜಾರಿತು.

ಅವನು ನಾಲ್ಕು ಗಾಲಿ ಸುತ್ತಿ ನೋಡಿ, "ಎಲ್ಲೂ ಸೋರ್ತಿಲ್ಲ. ನಿಂಗೆ ಹಾಗನ್ಸುತ್ತೆ ಅಷ್ಟೆ. ನಾಳೆ ಬೆಳಗ್ಗೆ ಲೋಡಿದೆ" ಅಂದ. ನಾನು ಕೀಲಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡೆ. ಆ ರಾತ್ರಿ ಅವನು ಊಟಕ್ಕೆ ಬರಲಿಲ್ಲ. ಬಾಡಿಗೆ ಬೇರೆಯವರ ಗಾಡಿಗೆ ಹೋಯಿತು.

ಮರುದಿನ ಮೆಕಾನಿಕ್ ಬಂದ, ನನ್ನ ಹಳೆಯ ವಿದ್ಯಾರ್ಥಿ. ಒಮ್ಮೆ ಪೆಡಲ್ ಒತ್ತಿ ಹಿಡಿದವನು ಅರ್ಧ ನಿಮಿಷದಲ್ಲಿ, "ಮಿಸ್, ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್ ಹೋಗಿದೆ. ಎಣ್ಣೆ ಹೊರಗೆ ಸೋರಲ್ಲ, ಒಳಗೊಳಗೇ ಹಿಂದಕ್ಕೆ ಹೋಗುತ್ತೆ. ಘಾಟಿಯಲ್ಲಿ ಕೈ ಕೊಡ್ತಿತ್ತು" ಅಂದ. ಆಮೇಲೆ ಡ್ರಮ್ಮು ಬಿಚ್ಚಿಸಿ ನೋಡಿ, "ಲೈನರ್ ಯಾರು ಹಾಕಿದ್ದು? ಚೆನ್ನಾಗಿ ಕೂತಿದೆ" ಎಂದ. ಹಿಂದಿನ ರಾತ್ರಿಯಿಂದ ಗಂಟು ಹಾಕಿಕೊಂಡಿದ್ದ ಮಗನ ಮುಖ ಸ್ವಲ್ಪ ಸಡಿಲವಾಯಿತು. "ದೊಡ್ಡ ಲಾರಿ ತಗೊಂಡ್ರೆ ಮಾತ್ರ ಹಿಂದಿನ ಬ್ರೇಕಿನ ಡಬ್ಬಿ ಬಿಚ್ಚೋಕೆ ಹೋಗ್ಬೇಡಪ್ಪ. ಏರ್ ಬ್ರೇಕು. ಒಳಗಿನ ಸ್ಪ್ರಿಂಗ್ ಸಿಡಿದ್ರೆ ಆಳು ಉಳಿಯಲ್ಲ."

ಈಗ ನಮ್ಮಲ್ಲೊಂದು ಒಪ್ಪಂದವಾಗಿದೆ. ಗಾಲಿ ಬಿಚ್ಚಿ ಲೈನರ್ ನೋಡುವುದು, ಬದಲಾಯಿಸುವುದು ಹಿತ್ತಲಿನಲ್ಲಿ. ಎಣ್ಣೆಯ ಕೆಲಸ ಗ್ಯಾರೇಜಿನಲ್ಲಿ, ಅದೂ ಮಗ ಪಕ್ಕದಲ್ಲಿ ನಿಂತು ಕೈ ಜೋಡಿಸುವಾಗ. ಅಂದು ಚೆಲ್ಲಿದ ಬ್ರೇಕ್ ಎಣ್ಣೆ ಹಿತ್ತಲ ಬಾಗಿಲಿನ ಹಸಿರು ಬಣ್ಣವನ್ನು ಅಂಗೈಯಗಲ ತಿಂದುಹಾಕಿದೆ. ಬಳಿಸಬೇಕು, ಆಗಿಲ್ಲ. ಹಪ್ಪಳವನ್ನು ಮಾಳಿಗೆಗೆ ಸಾಗಿಸಿದ್ದೇನೆ.

ಲೋಡಿರುವ ದಿನ ಬೆಳಗ್ಗೆ ಅವನು ಗಾಡಿ ಹೊರಗೆ ತೆಗೆದು, ಸೀಟಿನಿಂದ ಇಳಿದು, ಏನೂ ಹೇಳದೆ ಬಾಗಿಲು ತೆರೆದು ನಿಲ್ಲುತ್ತಾನೆ. ನಾನು ಚಪ್ಪಲಿ ಬಿಟ್ಟು ಹತ್ತಿ, ಪೆಡಲ್ ಒತ್ತಿ ಹಿಡಿದು ಎಣಿಸುತ್ತೇನೆ. ಹದಿನೈದು ದಾಟುವಾಗ, "ಸಾಕಮ್ಮ, ಸ್ಕೂಲಿಗೆ ಹೊತ್ತಾಯ್ತು" ಅನ್ನುತ್ತಾನೆ. ನಾನು ಇಪ್ಪತ್ತು ಮುಗಿಸಿಯೇ ಇಳಿಯುತ್ತೇನೆ.