ಅಯಸ್ಕಾಂತ ಹಿಡಿದಿಟ್ಟ ಬೆಂಕಿ

ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಕಡೆ ಕರೆಂಟೆಂದರೆ ತ್ರೀ ಫೇಸ್ ಬರುವ ಹೊತ್ತು. ಆಗ ಪಂಪ್‌ಸೆಟ್ ಓಡಿದರೆ ಶುಂಠಿಗೂ ಆಲೂಗಡ್ಡೆಗೂ ನೀರು. ಸೂರ್ಯನೊಳಗೆ ಪರಮಾಣುಗಳು ಬೆಸೆದು ಹುಟ್ಟುವ ಶಕ್ತಿಯನ್ನೇ ಭೂಮಿಯ ಮೇಲೆ ಕರೆಂಟಾಗಿಸಲು ದುಡಿಯುತ್ತಿರುವವರನ್ನು ಕಣ್ಣಾರೆ ಕಾಣುವ ಆಸೆಯಿಂದ ಅರಸೀಕೆರೆಯಲ್ಲಿ ರೈಲು ಹತ್ತಿದೆ. ಅಹಮದಾಬಾದಿನಲ್ಲಿಳಿದು ಗಾಂಧಿನಗರದ ದಾರಿ ಹಿಡಿದರೆ ಸಬರಮತಿ ನದಿಯ ಬಳಿ ಭಾಟ್ ಎಂಬ ಊರು. ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಇರುವುದು ಅಲ್ಲೇ.

ಮೊದಲು ಕಂಡದ್ದು ‘ಆದಿತ್ಯ’. ನಮ್ಮವರೇ ವಿನ್ಯಾಸ ಮಾಡಿ ಕಟ್ಟಿದ ಈ ಟೋಕಮಾಕ್ ಯಂತ್ರ 1989ರಲ್ಲಿ ಕೆಲಸ ಶುರುಮಾಡಿತು. ಕೇಬಲ್ಲು, ಪೈಪು, ಅಳತೆಯ ಉಪಕರಣಗಳ ದಟ್ಟಣೆಯ ನಡುವೆ ಕೋಡುಬಳೆಯಾಕಾರದ ಉಕ್ಕಿನ ಪಾತ್ರೆ. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ತುಸುವೇ ಜಲಜನಕ ಬಿಟ್ಟು ವಿದ್ಯುತ್ ಹರಿಸುತ್ತಾರೆ. ಅನಿಲ ಲಕ್ಷಾಂತರ ಡಿಗ್ರಿ ಕಾದು ಪ್ಲಾಸ್ಮಾ ಆಗುತ್ತದೆ. ಯಾವ ಲೋಹವೂ ತಾಳಲಾರದ ಆ ಕಾವು ಗೋಡೆಗೆ ತಗುಲದಂತೆ ಹಿಡಿದಿಡುವುದು ಬರೀ ಅಯಸ್ಕಾಂತದ ಬಲ! ಪರದೆಯ ಮೇಲೆ ಪ್ಲಾಸ್ಮಾದ ಚಿತ್ರ ನೋಡಿದೆ. ಅಂಚಿನಲ್ಲಿ ಗುಲಾಬಿ ಹೊಳಪು, ನಡುವೆ ಖಾಲಿ. ಖಾಲಿಯಂತೆ ಕಂಡ ಆ ನಡುಭಾಗವೇ ಎಲ್ಲಕ್ಕಿಂತ ಬಿಸಿ. ಅದು ಸೂಸುವ ಕಿರಣ ನಮ್ಮ ಕಣ್ಣಿಗೆ ನಿಲುಕುವುದಿಲ್ಲ. ಮೈ ಜುಮ್ಮೆಂದಿತು.

ಇಲ್ಲಿಯ ಇನ್ನೊಂದು ಯಂತ್ರ ಎಸ್‌ಎಸ್‌ಟಿ-1. ಅದರ ಸೂಪರ್‌ಕಂಡಕ್ಟರ್ ಸುರುಳಿಗಳನ್ನು ಹೀಲಿಯಂ ಹರಿಸಿ ಸೊನ್ನೆಗಿಂತ 268 ಡಿಗ್ರಿ ಕೆಳಗಿಡುತ್ತಾರೆ. ಒಂದೇ ಯಂತ್ರದ ಹೊಟ್ಟೆಯಲ್ಲಿ ಅಂಥ ಚಳಿ, ಇಂಥ ಬೆಂಕಿ!

ಈ ಯಂತ್ರಗಳು ಕರೆಂಟು ಕೊಡುವುದಿಲ್ಲ. ಪರಮಾಣುಗಳು ಬೆಸೆಯಲು ಬೇಕಾದ ಪ್ಲಾಸ್ಮಾವನ್ನು ಪಳಗಿಸುವ ವಿದ್ಯೆ ಕಲಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದಿದ್ದ ಹೋಮಿ ಭಾಭಾ, ಎರಡು ದಶಕದಲ್ಲಿ ಬೆಸುಗೆಯ ಈ ಶಕ್ತಿ ಕೈಗೆಟುಕೀತೆಂದು 1955ರಲ್ಲಿ ಜಿನೀವಾದಲ್ಲಿ ನುಡಿದಿದ್ದರು. ಪ್ಲಾಸ್ಮಾ ಅಷ್ಟು ಸುಲಭವಾಗಿ ಪಳಗಲಿಲ್ಲ. ಈಗ ಭಾರತವೂ ಸೇರಿ 7 ಪಾಲುದಾರರು ಫ್ರಾನ್ಸಿನಲ್ಲಿ ‘ಇಟರ್’ ಎಂಬ ಬೃಹತ್ ಟೋಕಮಾಕ್ ಕಟ್ಟುತ್ತಿದ್ದಾರೆ. ಅಲ್ಲಿ ಪ್ಲಾಸ್ಮಾ 15 ಕೋಟಿ ಡಿಗ್ರಿ ಕಾಯಬೇಕು, ಸೂರ್ಯನ ಒಡಲಿಗಿಂತ 10 ಪಟ್ಟು. 50 ಮೆಗಾವಾಟ್ ಶಾಖ ಊಡಿ 500 ಮೆಗಾವಾಟ್ ಪಡೆಯುವುದು ಗುರಿ. ಅದನ್ನು ಸುತ್ತುವರಿಯುವ 3,850 ಟನ್ನಿನ ಉಕ್ಕಿನ ಕವಚದ ಭಾಗಗಳು ತಯಾರಾದದ್ದು ಗುಜರಾತಿನ ಹಜೀರಾದಲ್ಲಿ.

ಇದು ಒಂದು ತಲೆಮಾರಿಗೆ ಮುಗಿಯುವ ಕೆಲಸವಲ್ಲ. ನಮ್ಮ ಹೈಸ್ಕೂಲುಗಳಲ್ಲಿ ಇಂದು ಕೂತಿರುವ ಮಕ್ಕಳೇ ಇದನ್ನು ಮುಂದುವರಿಸಬೇಕು. ಮಾದಿಹಳ್ಳಿಯ, ಹಳೇಬೀಡಿನ ಮೇಷ್ಟ್ರುಗಳೇ, ಒಂದು ವರ್ಷದ ಶಾಲಾ ಪ್ರವಾಸವನ್ನಾದರೂ ಭಾಟ್‌ಗೆ ಮೀಸಲಿಡಿ.