ಕೊಂಬು ಸಾಹೇಬನಿಗೆ, ಗುಡ್ಡೆ ನಮಗೆ

ವಿಮಾನಪುರದಲ್ಲಿ ಕಾರ್ಖಾನೆಯ ಸೈರನ್ ಕೇಳುತ್ತಾ ಬೆಳೆದವರು ನಾವು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾದ ಮೇಲೆ ಹೊಲಗೇರಿಗಳಿಂದ ಕೂಲಿ ಹುಡುಕಿಕೊಂಡು ಬಂದವರ ಮಕ್ಕಳು, ಮೊಮ್ಮಕ್ಕಳು. ನಮ್ಮಪ್ಪ ಅಲ್ಲಿ ಹೆಲ್ಪರ್. ತಾತ ಮಾತ್ರ ಕಾರ್ಖಾನೆ ಸೇರಲಿಲ್ಲ. ಕೊಳ್ಳೇಗಾಲದ ಕಾಡಂಚಿನಿಂದ ಹೊತ್ತು ತಂದ ತಮಟೆಯನ್ನು ಗೋಡೆಗೆ ನೇತುಹಾಕಿ, ಅದರ ಕೆಳಗೆ ಕೂತು ಬೀಡಿ ಸೇದೋನು. "ಇದನ್ನ ಹಬ್ಬಕ್ಕೆ ಬಡಿದಿದ್ದಕ್ಕಿಂತ ಕಡವೆ ಅಟ್ಟೋಕೆ ಬಡಿದಿದ್ದೇ ಜಾಸ್ತಿ ಕಣ್ರೋ" ಅನ್ನೋನು.

ದಂಡಿನ ಸಾಹೇಬರು ಕಡವೆಯನ್ನು 'ಎಲ್ಕ್' ಅಂತ ಕರೆಯುತ್ತಿದ್ದರು. ಎಲ್ಕ್ ಅನ್ನುವುದು ಚಳಿದೇಶದ ಬೇರೆಯೇ ಮೃಗ. ನಮ್ಮ ಕಾಡಿನ ಮೃಗಕ್ಕೂ ತಮ್ಮ ಹೆಸರು ಅಂಟಿಸಿದರು. ಸಾಹೇಬ ಶಿಕಾರಿಗೆ ಬಂದ ಅಂದರೆ ಕೇರಿಗೆ ಹೇಳಿಕೆ ಬರೋದು. ಬೆಳಗಿನ ಜಾವಕ್ಕೇ ಗಂಡಸರು ತಮಟೆ, ತಗಡು, ಕೋಲು ಹಿಡಿದು ಸಾಲುಗಟ್ಟಿ, ಕೂಗು ಹಾಕುತ್ತಾ, ಮುಳ್ಳು ತುಳಿಯುತ್ತಾ ಮೃಗವನ್ನು ಬಂದೂಕಿನ ಕಡೆಗೆ ಅಟ್ಟಬೇಕು. ಕರಡಿ ಎದ್ದರೆ ಅದಕ್ಕೆ ನಮ್ಮ ಎದೆ. ಕಡವೆ ಎದ್ದರೆ ಅದಕ್ಕೆ ಅವನ ಗುಂಡು. ಬೇಟೆ ಆಡಿದ್ದು ಯಾರು ಅಂದರೆ ಸಾಹೇಬ!

ಬಿದ್ದದ್ದನ್ನು ಕೊಯ್ಯುವ ಕೆಲಸವೂ ನಮ್ಮದೇ. ದೊಡ್ಡ ಗಂಡು ಕಡವೆ ಇನ್ನೂರು ಕಿಲೋ ಮೀರುತ್ತದೆ. ತಾತ ಪಾಠದ ಹಾಗೆ ಹೇಳೋನು. ಮೈ ಬಿಸಿ ಇರುವಾಗಲೇ ಹೊಟ್ಟೆ ಸೀಳಬೇಕು, ತಡವಾದರೆ ಬಾಡು ಕೆಡುತ್ತೆ. ಕತ್ತಿಯ ಮೊನೆ ಒಳಕ್ಕಿಳಿದು ಕರುಳು ಒಡೆಯಬಾರದು. ಕುರಿಯ ಈಲಿಗೆ ಅಂಟಿರುವ ಪಿತ್ತದ ಚೀಲ ಕಡವೆಗೆ ಇರೋದಿಲ್ಲ. ಗೊತ್ತಿಲ್ಲದವನು ಹುಡುಕುತ್ತಾ ಕೂತರೆ ಎಲ್ಲರೂ ನಗೋರು. ಎಂಥ ವಿದ್ಯೆ ಇದು! ಶಾಲೆಯ ಮೆಟ್ಟಿಲು ಹತ್ತದ ಕೈಗೆ ಇಡೀ ಮೃಗದ ಒಳಗು ಗೊತ್ತಿತ್ತು.

ಆಮೇಲೆ ಪಾಲು. ಕಡವೆಗೆ ಎರಡು ಸಲ ಪಾಲಾಗುತ್ತಿತ್ತು.

ಮೊದಲ ಪಾಲು ಕಾಡಿನಲ್ಲಿ. ತಲೆಯನ್ನು ಕತ್ತಿನ ಚರ್ಮದ ಸಮೇತ ತೆಗೆದು ಉಪ್ಪು ಸವರಿ ಸಾಹೇಬನಿಗೆ ಕಟ್ಟಬೇಕು. ಅಂಥ ತಲೆಗಳಿಗೆ ಗಾಜಿನ ಕಣ್ಣಿಟ್ಟು ಗೋಡೆಗೇರಿಸಲು ಮೈಸೂರಿನಲ್ಲಿ ವ್ಯಾನ್ ಇಂಗೆನ್‌ರ ಕಾರ್ಖಾನೆಯೇ ಇತ್ತು. ಹಿಂದೊಡೆ, ಬೆನ್ನಿನ ಮೆದು ಬಾಡು ಅವನ ಮೇಜಿಗೆ. ಮುಂಗಾಲು ಊರಗೌಡನಿಗೆ. ಮಿಕ್ಕ ಕರುಳು, ಬೋಟಿ, ಪಕ್ಕೆಲುಬು, ಕಾಲು ನಮಗೆ.

ಎರಡನೇ ಪಾಲು ಕೇರಿಯಲ್ಲಿ. ಮುತ್ತುಗದ ಎಲೆ ಹಾಸಿ, ಮನೆಗೊಂದರಂತೆ ಗುಡ್ಡೆ. ಪ್ರತಿ ಗುಡ್ಡೆಗೂ ಒಂದಿಷ್ಟು ಮೂಳೆ, ಒಂದಿಷ್ಟು ಬೋಟಿ, ಬೆರಳಗಲ ಈಲಿ. ತಕ್ಕಡಿ ಇಲ್ಲ, ಕಣ್ಣಳತೆ. ಕತ್ತಿ ಹಿಡಿದವನು ಕೊನೆಯ ಗುಡ್ಡೆ ಎತ್ತಿಕೊಳ್ಳಬೇಕು. ಹಾಗಿದ್ದರೆ ಮೋಸಕ್ಕೆ ಜಾಗ ಎಲ್ಲಿ? ಗಂಡು ದಿಕ್ಕಿಲ್ಲದ ಮುದುಕಿಯ ಗುಡಿಸಲಿಗೂ ಒಂದು ಗುಡ್ಡೆ. ಆ ರಾತ್ರಿ ಎಲ್ಲ ಒಲೆಯ ಮೇಲೂ ಸಾರು, ಎಲ್ಲ ತಟ್ಟೆಯಲ್ಲೂ ಮುದ್ದೆ.

ಗೆಳೆಯರೇ, ಈ ಎರಡು ಪಾಲುಗಳ ನಡುವೆ ನಮ್ಮ ಚರಿತ್ರೆಯೆಲ್ಲ ಇದೆ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಬಾಡು, ಎಸೆದ ತುಣುಕು ಬಿಡಿ ಎಂದದ್ದು ಈ ಮೊದಲ ಪಾಲಿನ ಅವಮಾನವನ್ನು ಕಂಡೇ. ನಾಚಿಕೆ ಇರುವುದು ಬಾಡಿನಲ್ಲಲ್ಲ, ಮಿಕ್ಕದ್ದಕ್ಕೆ ಕೈಯೊಡ್ಡುವುದರಲ್ಲಿ. ನಾವು ಇದನ್ನು ತಲೆಕೆಳಗು ಮಾಡಿಕೊಂಡೆವು. ಕೈಯೊಡ್ಡುವುದು ಅಭ್ಯಾಸವಾಯಿತು, ಗುಡ್ಡೆ ನಾಚಿಕೆಯಾಯಿತು.

ಶಿಕಾರಿಯ ಕತೆಗಳಿಂದ ಹೆಸರಾದ ಕೆನೆತ್ ಆಂಡರ್ಸನ್ ಕೆಲಸ ಮಾಡಿದ್ದು ನಮ್ಮದೇ ವಿಮಾನ ಕಾರ್ಖಾನೆಯಲ್ಲಿ. ತೇಜಸ್ವಿಯವರ ಕನ್ನಡದಲ್ಲಿ ಅವನ್ನು ನಾವೂ ಬೆರಗಿನಿಂದ ಓದಿದ್ದೇವೆ. ಆತ ತನ್ನ ಜಾಡುಗಾರ ಬೈರನ ಹೆಸರನ್ನಾದರೂ ಬರೆದ. ತಮಟೆ ಬಡಿದ ಸಾವಿರ ಬೈರರ ಹೆಸರು ಎಲ್ಲಿದೆ? ಅವರ ಕತೆ ಅವರ ಮೊಮ್ಮಕ್ಕಳೇ ಬರೆಯಬೇಕು.

1972ರ ವನ್ಯಜೀವಿ ಕಾಯ್ದೆ, 1991ರ ಅದರ ತಿದ್ದುಪಡಿ ಶಿಕಾರಿಗೆ ಮಂಗಳ ಹಾಡಿದವು. ಸರಿಯೇ, ಕಡವೆ ಕಾಡಲ್ಲಿ ಬದುಕಲಿ. ಆದರೆ ಗೋಡೆಯ ಮೇಲಿನ ಕೊಂಬಿಗೆ ಇಂದಿಗೂ ಮರ್ಯಾದೆ, ಒಲೆಯ ಮೇಲಿನ ಸಾರಿಗೆ ವಿಚಾರಣೆ. 2021ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯಲ್ಲಿ ಹದಿಮೂರು ವರ್ಷ ಮೀರಿದ ಎಮ್ಮೆ, ಕೋಣ ಬಿಟ್ಟು ಬೇರೆ ದನ ಕೊಯ್ದರೆ ಜೈಲು. ಬಾಡಿಗೆ ಮನೆ ಕೇಳಲು ಹೋದರೆ ಸಂಬಳ ಕೇಳುವ ಮೊದಲೇ "ನೀವು ಏನು ತಿಂತೀರಿ?" ಅಂತ ಕೇಳುತ್ತಾರೆ. ನಮ್ಮವ್ವ ಭಾನುವಾರ ಒಗ್ಗರಣೆ ಹಾಕುವ ಮೊದಲು ಕಿಟಕಿ ಮುಚ್ಚೋಳು. ಅದನ್ನು ನೋಡಿದ ತಾತ ಒಂದು ದಿನ ಎದ್ದು ಹೋಗಿ ಕಿಟಕಿ ತೆಗೆದ. "ಕದ್ದು ತಂದಿದ್ದೇನವ್ವಾ?" ಅಂದ. ಅವ್ವ ಮಾತಾಡಲಿಲ್ಲ. ಆ ಮೇಲೂ ಎಷ್ಟೋ ವರ್ಷ ಮುಚ್ಚುತ್ತಲೇ ಇದ್ದಳು. ಅವಳ ಭಯ ಸುಳ್ಳಾಗಿರಲಿಲ್ಲ.

ಮೊನ್ನೆ ನಮ್ಮ ಮನೆಯ ಮಗು ಶಾಲೆಯಲ್ಲಿ 'ಭಾನುವಾರದ ಊಟ' ಅಂತ ಹತ್ತು ಸಾಲು ಬರೆದುಕೊಂಡು ಬಂತು. ಅನ್ನ, ಬೇಳೆಸಾರು, ಹಪ್ಪಳ. ಆ ಭಾನುವಾರ ನಮ್ಮ ಮನೆಯಲ್ಲಿ ಬಾಡಿನ ಸಾರು ಕುದಿದಿತ್ತು. ಯಾರೂ ಹೇಳಿಕೊಡದೆ ಮಗು ಕಿಟಕಿ ಮುಚ್ಚುವುದನ್ನು ಕಲಿತಿತ್ತು.

ಮೇಷ್ಟ್ರೇ, ಇದನ್ನು ಓದುತ್ತಿರುವ ನಿಮ್ಮನ್ನೇ ಕೇಳುತ್ತಿದ್ದೇವೆ. ನಾಳೆ ತರಗತಿಯಲ್ಲಿ ಮಗುವೊಂದು "ಬಾಡು ತಿಂದೆ ಸಾರ್" ಅಂದರೆ ನಿಮ್ಮ ಮುಖ ಹೇಗಿರುತ್ತದೆ? ಉಳಿದ ಮಕ್ಕಳು ಮೊದಲು ನೋಡುವುದು ಅದನ್ನೇ.