ನೊಣದ ಗಡಿಯಾರ

ಬಾಳೆಹಣ್ಣಿನ ಬುಟ್ಟಿಗೆ ಮುತ್ತುವ ಆ ಪುಟಾಣಿ ನೊಣಗಳನ್ನು ಕೈಬೀಸಿ ಓಡಿಸುತ್ತಲೇ ಇರುತ್ತೇವೆ. ನಮ್ಮ ನಿದ್ದೆ-ಎಚ್ಚರದ ಗುಟ್ಟು ಬಿಟ್ಟುಕೊಟ್ಟಿದ್ದು ಅವೇ.

1971ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ರಾನ್ ಕೊನೊಪ್ಕಾ ಎಂಬ ವಿದ್ಯಾರ್ಥಿ ಮತ್ತವರ ಗುರು ಸೀಮೋರ್ ಬೆಂಜರ್ ಮೂರು ಬಗೆಯ ವಿಚಿತ್ರ ನೊಣಗಳ ಬಗ್ಗೆ ಬರೆದರು. ಒಂದಕ್ಕೆ ದಿನವೆಂದರೆ 19 ಗಂಟೆ, ಇನ್ನೊಂದಕ್ಕೆ 28. ಮೂರನೆಯದಕ್ಕೆ ಹೊತ್ತುಗೊತ್ತೇ ಇಲ್ಲ (ಅಂಥವರು ನಮ್ಮನೆಯಲ್ಲೂ ಇದ್ದಾರೆ, ಬಿಡಿ). ಮೂರರಲ್ಲೂ ಕೆಟ್ಟಿದ್ದು ಒಂದೇ ಜೀನು. 'ಪೀರಿಯಡ್' ಅಂತ ಅದರ ಹೆಸರು. ಒಂದು ಜೀನು ನಡವಳಿಕೆಯನ್ನು ಹೀಗೆ ಏರುಪೇರು ಮಾಡೀತೆಂದು ಆಗ ದೊಡ್ಡ ದೊಡ್ಡವರೇ ನಂಬಲಿಲ್ಲ.

ನೊಣವೇ ಯಾಕೆ ಅಂದರೆ, ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಹತ್ತೇ ದಿನ. ನಾಲ್ಕೇ ಜೊತೆ ಕ್ರೋಮೋಸೋಮು. ಖರ್ಚೂ ಕಮ್ಮಿ.

2001ರಲ್ಲಿ, ಸಂಜೆಗೇ ತೂಕಡಿಸಿ ನಸುಕಿಗೂ ಮುಂಚೆ ಏಳುವ ಒಂದು ಕುಟುಂಬದವರಲ್ಲಿ ಈ ಜೀನಿನ ಮನುಷ್ಯರೂಪವೇ ಬದಲಾಗಿರುವುದು ಪತ್ತೆಯಾಯಿತು. ಅವರದ್ದು ಶಿಸ್ತೂ ಅಲ್ಲ, ಸೋಮಾರಿತನವೂ ಅಲ್ಲ.

ಜೀನಿನ ಕೆಲಸ ಬಿಡಿಸಿ ತೋರಿಸಿದ ಹಾಲ್, ರೋಸ್‌ಬ್ಯಾಶ್, ಯಂಗ್ ಮೂವರಿಗೂ 2017ರಲ್ಲಿ ನೊಬೆಲ್ ಬಂತು. ಬೆಂಜರ್ 2007ರಲ್ಲಿ, ಕೊನೊಪ್ಕಾ 2015ರಲ್ಲಿ ತೀರಿಕೊಂಡಿದ್ದರು. ತೀರಿಕೊಂಡವರನ್ನು ನೊಬೆಲ್‌ಗೆ ಪರಿಗಣಿಸುವುದಿಲ್ಲ.